ದೋಸೆ ಹಿಟ್ಟಿನಲ್ಲಿರೋ ಬರ್ಮಾ: ನಿರ್ಬಂಧ ಯಾರಿಗೆ, ಬಿಲ್ ಯಾರಿಗೆ?

ಇವತ್ತಿನ ಕಥೆ ಶುರುವಾಗೋದು ದಾವಣಗೆರೆಯ ಮಂಡಿಪೇಟೆಯಲ್ಲಿ, ಒಂದು ಉದ್ದಿನ ಬೇಳೆ ಚೀಲದ ಮುಂದೆ.

ನಮ್ಮಮ್ಮ ಮನೇಲಿ ದೋಸೆ ಹಿಟ್ಟು ರುಬ್ಬಿ ಪ್ಯಾಕೆಟ್ ಮಾಡಿ ಓಣಿಯೋರಿಗೆ ಮಾರ್ತಾರೆ. ದೊಡ್ಡ ವ್ಯಾಪಾರ ಏನಲ್ಲ, ಆದ್ರೆ ನನ್ನ ಮೈಕು ಬಂದಿದ್ದು ಆ ದುಡ್ಡಲ್ಲೇ. ಉದ್ದು ತರೋ ಕೆಲಸ ನಂದು. ಹೋದ ಸಲ ಹೋದಾಗ ಅಂಗಡಿ ಸಾವ್ಕಾರ್ರು ಕೇಳಿದ್ರು, 'ಏನಪ್ಪಾ, ಬರ್ಮಾ ಮಾಲು ಕೊಡ್ಲಾ, ನಮ್ಮ ಕಡೇದು ಕೊಡ್ಲಾ?' ನಾನು, 'ಸಾವ್ಕಾರ್ರೇ, ಬರ್ಮಾ ಅಂದ್ರೆ ಆ ಮಿಲಿಟರಿ ಆಡ್ತಿರೋ ಬರ್ಮಾನಾ?' ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ, 'ಮಿಲಿಟರಿನೋ ಪೊಲೀಸೋ ನಂಗೊತ್ತಿಲ್ಲ. ಮಾಲು ಚೆನ್ನೈಗೆ ಬರುತ್ತೆ, ಅಲ್ಲಿಂದ ಇಲ್ಲಿಗೆ ಬರುತ್ತೆ' ಅಂದ್ರು.

ಅಷ್ಟೇ ನೋಡಿ. ಬಿ.ಕಾಂ ಓದಿದೋನ ತಲೇಲಿ ಹುಳ ಬಿಡೋಕೆ ಅಷ್ಟು ಸಾಕು. 2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗಿಂದ ಅಮೆರಿಕ, ಬ್ರಿಟನ್, ಯುರೋಪ್ ಒಕ್ಕೂಟ ಎಲ್ಲರೂ ಆ ಸರ್ಕಾರದ ಮೇಲೆ ಆರ್ಥಿಕ ನಿರ್ಬಂಧ ಹಾಕಿದಾರೆ. ಜನರಲ್‌ಗಳಿಗೆ ವೀಸಾ ಇಲ್ಲ, ಬ್ಯಾಂಕಿಗೆ ಡಾಲರ್ ಇಲ್ಲ. ಹಾಗಿದ್ರೆ ಅಲ್ಲಿನ ಉದ್ದು ಮಂಡಿಪೇಟೆಗೆ ಹೆಂಗೆ ಬಂತು? ಅದರ ದುಡ್ಡು ಯಾವ ದಾರೀಲಿ ವಾಪಸ್ ಹೋಯ್ತು?

ಮೊದಲು ಒಂಚೂರು ಹಿಂದಕ್ಕೆ ಹೋಗೋಣ. ನಮ್ಮೂರಿನ ಬೆಣ್ಣೆ ದೋಸೆಯ ಕಥೆ ನಿಮಗೆ ಗೊತ್ತು. ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನೋ ತಾಯಿ 1928ರ ಸುಮಾರಿಗೆ ದಾವಣಗೆರೆಯಲ್ಲಿ ದೋಸೆ ಹಾಕೋಕೆ ಶುರು ಮಾಡಿದ್ರು ಅಂತ ಊರಲ್ಲಿ ಹೇಳ್ತಾರೆ. ಆ ವರ್ಷದಲ್ಲಿ ಬರ್ಮಾ ಪರದೇಶವೇ ಆಗಿರಲಿಲ್ಲ! ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ ಅದು, ಮದ್ರಾಸ್, ಬಾಂಬೆ ಇದ್ದ ಹಾಗೆ. ಬೇರೆ ಆಗಿದ್ದು 1937ರ ಏಪ್ರಿಲ್ 1ಕ್ಕೆ. ರಂಗೂನಿನಲ್ಲಿ 1931ರ ಜನಗಣತಿ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಜನ ಭಾರತೀಯರೇ. ಚಲಾವಣೆಯಲ್ಲಿದ್ದಿದ್ದು ರೂಪಾಯಿ. ಕಾಮರ್ಸ್ ಹುಡುಗ್ರಿಗೆ ಒಂದು ಮಜಾ ಸಂಗತಿ ಹೇಳ್ತೀನಿ: ನಮ್ಮ ರಿಸರ್ವ್ ಬ್ಯಾಂಕ್ 1947ರವರೆಗೆ, ಜಪಾನಿನವರು ಆಕ್ರಮಿಸಿಕೊಂಡಿದ್ದ ವರ್ಷಗಳನ್ನ ಬಿಟ್ಟು, ಬರ್ಮಾಕ್ಕೂ ಕೇಂದ್ರ ಬ್ಯಾಂಕ್ ಆಗಿತ್ತು. ಅವರ ಈಗಿನ ಕರೆನ್ಸಿ ಕ್ಯಾಟ್ ಬಂದಿದ್ದು 1952ರಲ್ಲಿ, ರೂಪಾಯಿ ಜಾಗಕ್ಕೆ, ಒಂದಕ್ಕೆ ಒಂದರ ಲೆಕ್ಕದಲ್ಲಿ. ಈ ರೂಪಾಯಿ-ಕ್ಯಾಟ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1962ರ ಮಾರ್ಚ್ 2ಕ್ಕೆ ಜನರಲ್ ನೆ ವಿನ್ ಅಧಿಕಾರ ಹಿಡಿದ. ಅಂಗಡಿ, ಬ್ಯಾಂಕು, ಮಿಲ್ಲು ಎಲ್ಲ ರಾಷ್ಟ್ರೀಕರಣ. 1964ರಲ್ಲಿ 50 ಮತ್ತು 100 ಕ್ಯಾಟ್ ನೋಟು ರದ್ದು. ಲಕ್ಷಾಂತರ ಭಾರತೀಯ ಮೂಲದವರು ಬರಿಗೈಲಿ ಹಡಗು ಹತ್ತಿ ವಾಪಸ್ ಬಂದ್ರು. ಚೆನ್ನೈನ ಬರ್ಮಾ ಬಜಾರ್ ಹುಟ್ಟಿದ್ದು ಅವರಿಂದಲೇ. ಅವತ್ತು ಭಾರತ ಯಾವ ನಿರ್ಬಂಧನೂ ಹಾಕಲಿಲ್ಲ. ತನ್ನ ಜನರನ್ನ ಕರ್ಕೊಂಡು ಬಂತು, ಅಷ್ಟೇ.

'ಭಾರತ ಹಿಂಗೆಲ್ಲ ನಿರ್ಬಂಧ ಹಾಕೋ ದೇಶ ಅಲ್ಲ ಬಿಡು' ಅಂತ ನೀವು ಅನ್ನಬಹುದು. ನಾನೂ ಹಂಗೇ ಅಂದ್ಕೊಂಡಿದ್ದೆ, ನಮ್ಮ ದೊಡ್ಡಪ್ಪನ ಪಾಸ್‌ಪೋರ್ಟ್ ನೋಡೋವರೆಗೆ.

ನಮ್ಮ ದೊಡ್ಡಪ್ಪ ಇಲ್ಲಿನ ಒಂದು ಹತ್ತಿ ಮಿಲ್ಲಲ್ಲಿ ಕೆಲಸಕ್ಕಿದ್ರು. ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನೋ ಹೆಸರಿದ್ದ ಕಾಲದ ಕೊನೆ ಕೊನೆ ವರ್ಷಗಳು. ಮಿಲ್ಲು ನಿಂತುಹೋಯ್ತು. 1980ರ ದಶಕದಲ್ಲಿ ಗಲ್ಫಿಗೆ ಹೋದ್ರು. ಆಗ ಮಾಡಿಸಿದ ಪಾಸ್‌ಪೋರ್ಟ್ ಇನ್ನೂ ಟ್ರಂಕಿನಲ್ಲಿದೆ. ಅದರಲ್ಲಿ ಈ ಪಾಸ್‌ಪೋರ್ಟ್ ದಕ್ಷಿಣ ಆಫ್ರಿಕ ಗಣರಾಜ್ಯ ಬಿಟ್ಟು ಉಳಿದ ದೇಶಗಳಿಗೆ ಸಿಂಧು ಅನ್ನೋ ಅರ್ಥದ ಒಂದು ಸಾಲಿದೆ. ನಾನು ಕೇಳಿದೆ, 'ದೊಡ್ಡಪ್ಪಾ, ಇದೇನಿದು?' ಅವರು, 'ಅಲ್ಲಿ ಕರಿಯರನ್ನ ಮನುಷ್ಯರ ಥರ ನೋಡ್ತಿರಲಿಲ್ಲಪ್ಪ. ಅದಕ್ಕೆ ನಮ್ಮ ಸರ್ಕಾರ ಅಲ್ಲಿಗೆ ಹೋಗಬ್ಯಾಡ್ರಿ ಅಂತಿತ್ತು' ಅಂದ್ರು. ಏಳನೇ ಕ್ಲಾಸು ಓದಿದ ಮನುಷ್ಯ ಒಂದೇ ಮಾತಲ್ಲಿ ಅಂತಾರಾಷ್ಟ್ರೀಯ ರಾಜಕೀಯ ಮುಗಿಸಿಬಿಟ್ರು.

ದಕ್ಷಿಣ ಆಫ್ರಿಕದ ಜೊತೆ ವ್ಯಾಪಾರ ನಿಲ್ಲಿಸಿದ ಮೊದಲ ದೇಶ ಭಾರತ. ಅದೂ 1946ರಲ್ಲಿ, ನಮಗಿನ್ನೂ ಸ್ವಾತಂತ್ರ್ಯ ಬರೋಕೆ ಮುಂಚೆ! ಆ ದೇಶಕ್ಕೆ ಹೋಗೋ ನಮ್ಮ ಸರಕು ನಮಗೇನೂ ಬೇಡವಾಗಿರಲಿಲ್ಲ, ನಷ್ಟ ಇತ್ತು. ಆದ್ರೂ ನಿಲ್ಲಿಸಿದ್ರು. 1993ರವರೆಗೆ ಅದು ನಡೀತು. ಇನ್ನೊಂದು ಫಿಜಿ. 1987ರಲ್ಲಿ ಸೇನೆಯ ಸಿತಿವೇನಿ ರಬೂಕ ಅಲ್ಲಿನ ಚುನಾಯಿತ ಸರ್ಕಾರವನ್ನ ಕೆಡವಿದ. ಆ ಸರ್ಕಾರದಲ್ಲಿ ಭಾರತೀಯ ಮೂಲದವರು ಜಾಸ್ತಿ ಇದ್ರು ಅನ್ನೋದೇ ಅವನ ತಕರಾರು. ಕಬ್ಬಿನ ತೋಟಕ್ಕೆ ಕೂಲಿಗಳಾಗಿ ಹೋದವರ ಮೊಮ್ಮಕ್ಕಳು ಅವರು. ಭಾರತ ಫಿಜಿ ಜೊತೆ ವ್ಯಾಪಾರ ಬಂದ್ ಮಾಡ್ತು. ಸಿಟ್ಟಿಗೆ ಫಿಜಿಯವರು 1990ರಲ್ಲಿ ನಮ್ಮ ರಾಯಭಾರ ಕಚೇರಿನೇ ಮುಚ್ಚಿಸಿದ್ರು.

ಅಂದ್ರೆ ಮಿಲಿಟರಿ ಸರ್ಕಾರಕ್ಕೆ 'ನಿನ್ನ ಜೊತೆ ವ್ಯವಹಾರ ಇಲ್ಲ' ಅಂತ ಹೇಳೋ ಅಭ್ಯಾಸ ನಮಗೆ ಇತ್ತು. ಬರ್ಮಾ ವಿಷಯದಲ್ಲೂ ಮೊದಮೊದಲು ಹೆಚ್ಚುಕಮ್ಮಿ ಅದೇ ದಾರಿ. 1988ರ ಆಗಸ್ಟ್ 8. ಅಲ್ಲಿನವರಿಗೆ ಆ ದಿನ ಅಂದ್ರೆ ನಾಲ್ಕು ಎಂಟು, ಮರೆಯೋಕಾಗಲ್ಲ. ವಿದ್ಯಾರ್ಥಿಗಳು ಬೀದಿಗೆ ಬಂದ್ರು, ಸೇನೆ ಗುಂಡು ಹಾರಿಸ್ತು, ಸಾವಿರಾರು ಜನ ಸತ್ತರು. ಓಡಿಬಂದ ಹುಡುಗರಿಗೆ ಭಾರತ ಗಡಿಯಲ್ಲಿ ಶಿಬಿರ ಮಾಡಿಕೊಟ್ಟಿತು. ಆಕಾಶವಾಣಿಯ ಬರ್ಮೀಸ್ ಪ್ರಸಾರ ಸೈನಿಕ ಸರ್ಕಾರವನ್ನ ಟೀಕೆ ಮಾಡ್ತಿತ್ತು. 1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಚಿ ಅವರ ಪಕ್ಷ ಗೆದ್ದರೂ ಸೇನೆ ಕುರ್ಚಿ ಬಿಡಲಿಲ್ಲ. ಸೂ ಚಿ ನಮಗೆ ಅಪರಿಚಿತರೇನಲ್ಲ, ಅವರಮ್ಮ ದೆಹಲಿಯಲ್ಲಿ ಬರ್ಮಾದ ರಾಯಭಾರಿಯಾಗಿದ್ರು, ಅವರು ಓದಿದ್ದು ಲೇಡಿ ಶ್ರೀರಾಮ್ ಕಾಲೇಜಲ್ಲಿ.

ಈ ಭಾಗದಲ್ಲಿ ನಮ್ಮ ಕರ್ನಾಟಕದ ಒಬ್ಬರು ಬರ್ತಾರೆ. ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ದೆಹಲಿಯ ಕೃಷ್ಣ ಮೆನನ್ ಮಾರ್ಗದ ತಮ್ಮ ಸರ್ಕಾರಿ ಬಂಗಲೆಯಲ್ಲಿ ಅವರು ಬರ್ಮಾದ ಪ್ರಜಾಪ್ರಭುತ್ವ ಹೋರಾಟದ ಹುಡುಗ್ರಿಗೆ ಜಾಗ ಕೊಟ್ಟಿದ್ರು. ವಿಚಿತ್ರ ಏನಂದ್ರೆ, 1998ರಲ್ಲಿ ಅದೇ ಜಾರ್ಜ್ ರಕ್ಷಣಾ ಮಂತ್ರಿ ಆದ್ರು. ಅವರ ಮನೆ ಹಿತ್ತಲಲ್ಲಿ ಬರ್ಮಾದ ಬಂಡಾಯಗಾರರು, ಅವರಿದ್ದ ಸರ್ಕಾರ ರಂಗೂನಿನ ಜನರಲ್‌ಗಳ ಜೊತೆ ಮಾತುಕತೆಯಲ್ಲಿ. ಒಬ್ಬ ಮನುಷ್ಯನ ಮನಸ್ಸು ಒಂದು ಕಡೆ, ಅವನು ಕೂತ ಕುರ್ಚಿ ಇನ್ನೊಂದು ಕಡೆ. ಇದನ್ನ ಬರೀ ಬೂಟಾಟಿಕೆ ಅಂತ ತಳ್ಳಿಹಾಕೋಕೆ ನಂಗೆ ಮನಸ್ಸು ಬರಲ್ಲ.

ಯಾಕಂದ್ರೆ ಅಷ್ಟೊತ್ತಿಗೆ ದೆಹಲಿಯ ಲೆಕ್ಕ ಬದಲಾಗಿತ್ತು. ನಮಗೂ ಮ್ಯಾನ್ಮಾರ್‌ಗೂ 1643 ಕಿಲೋಮೀಟರ್ ಗಡಿ ಇದೆ. ಅರುಣಾಚಲ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ. ಅಲ್ಲಿನ ಸಶಸ್ತ್ರ ಗುಂಪುಗಳು ಆ ಕಡೆ ಕಾಡಲ್ಲಿ ಅಡಗ್ತಿದ್ವು. ಚೀನಾ ಬೇರೆ ಬರ್ಮಾದಲ್ಲಿ ರಸ್ತೆ, ಬಂದರು ಅಂತ ಕಾಲಿಡ್ತಿತ್ತು. 1993ರಲ್ಲಿ ವಿದೇಶಾಂಗ ಕಾರ್ಯದರ್ಶಿ ಜೆ.ಎನ್. ದೀಕ್ಷಿತ್ ರಂಗೂನಿಗೆ ಹೋಗಿ ಬಂದ್ರು. 1995ರಲ್ಲಿ ಎರಡೂ ಸೇನೆ ಸೇರಿ ಮಿಜೋರಾಂ ಗಡಿಯಲ್ಲಿ ಕಾರ್ಯಾಚರಣೆ ಮಾಡ್ತಿರೋವಾಗಲೇ ಸೂ ಚಿ ಅವರಿಗೆ ನೆಹರೂ ಪ್ರಶಸ್ತಿ ಘೋಷಣೆ ಆಯ್ತು. ಬರ್ಮಾ ಸೇನೆ ಮುನಿಸಿಕೊಂಡು ಅರ್ಧಕ್ಕೇ ಕೈಬಿಡ್ತು. ಒಂದು ಕೈಲಿ ಪ್ರಶಸ್ತಿ, ಇನ್ನೊಂದು ಕೈಲಿ ಕೈಕುಲುಕು. ಎರಡೂ ಒಟ್ಟಿಗೆ ನಡೆಯೋದು ಕಷ್ಟ ಅಂತ ದೆಹಲಿಗೆ ಅವತ್ತು ಗೊತ್ತಾಯ್ತು ಅಂತ ಕಾಣುತ್ತೆ. 2004ರಲ್ಲಿ ಸೈನಿಕ ಮುಖ್ಯಸ್ಥ ಥಾನ್ ಶ್ವೇ ದೆಹಲಿಗೆ ಬಂದ. 2007ರಲ್ಲಿ ಬೌದ್ಧ ಭಿಕ್ಷುಗಳು ರಂಗೂನಿನ ಬೀದೀಲಿದ್ದಾಗ ನಮ್ಮ ಪೆಟ್ರೋಲಿಯಂ ಮಂತ್ರಿ ಮುರಳಿ ದೇವ್ರಾ ಗ್ಯಾಸ್ ಒಪ್ಪಂದಕ್ಕೆ ಅಂತ ಅದೇ ದೇಶದಲ್ಲಿದ್ರು.

ಅಮೆರಿಕದವರು ಬೇರೆ ದಾರಿ ಹಿಡಿದ್ರು. 1997ರಲ್ಲಿ ಬಿಲ್ ಕ್ಲಿಂಟನ್ ಅಮೆರಿಕದ ಕಂಪನಿಗಳು ಬರ್ಮಾದಲ್ಲಿ ಹೊಸದಾಗಿ ಬಂಡವಾಳ ಹಾಕಬಾರದು ಅಂತ ಆದೇಶ ಮಾಡಿದ. 2003ರಲ್ಲಿ ಸೂ ಚಿ ಅವರ ವಾಹನಗಳ ಮೇಲೆ ದೆಪಾಯಿನ್ ಅನ್ನೋ ಊರ ಹತ್ತಿರ ದಾಳಿ ಆಯ್ತು. ಆಮೇಲೆ ಬರ್ಮಾದಿಂದ ಬರೋ ಎಲ್ಲ ಸರಕೂ ಅಮೆರಿಕದಲ್ಲಿ ನಿಷೇಧ. ಏನಾಯ್ತು ಗೊತ್ತಾ? ಜನರಲ್‌ಗಳ ಊಟ ತಪ್ಪಲಿಲ್ಲ. ಅವರಿಗೆ ಗ್ಯಾಸ್ ಮಾರಿದ ದುಡ್ಡು ಥಾಯ್ಲೆಂಡಿಂದ ಬರ್ತಿತ್ತು. ಬಾಗಿಲು ಹಾಕಿದ್ದು ರಂಗೂನಿನ ಗಾರ್ಮೆಂಟ್ ಕಾರ್ಖಾನೆಗಳು. ಹತ್ತಾರು ಸಾವಿರ ಹೆಣ್ಣುಮಕ್ಕಳ ಕೆಲಸ ಹೋಯ್ತು.

ಇದನ್ನ ಓದುವಾಗ ನಂಗೆ ದೊಡ್ಡಪ್ಪ ನೆನಪಾದ್ರು. ಮಿಲ್ಲು ನಿಂತಾಗ ಮಾಲೀಕರೇನೂ ಉಪವಾಸ ಬೀಳಲಿಲ್ಲ. ದೊಡ್ಡಮ್ಮ ಮಾತ್ರ ಎರಡು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದ್ರು. ಗೇಟಿಗೆ ಬೀಗ ಬಿದ್ದಾಗ ಹೊರಗಡೆ ನಿಲ್ಲೋದು ಯಾರು ಅಂತ ದಾವಣಗೆರೆಯೋರಿಗೆ, ಹರಿಹರದೋರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಂಗಂತ ನಿರ್ಬಂಧ ಅನ್ನೋದೇ ದಂಡ ಅಂತಲ್ಲ. ಆ ಪಾಠ ಕಲಿತಮೇಲೆ ಅದರ ರೂಪ ಬದಲಾಯ್ತು. ಇಡೀ ದೇಶಕ್ಕೆ ಬೇಲಿ ಹಾಕೋ ಬದಲು ಹೆಸರು ಹಿಡಿದು, ಖಾತೆ ಹಿಡಿದು ಹಾಕೋದು ಶುರುವಾಯ್ತು. 2012ರ ಹೊತ್ತಿಗೆ ಅಲ್ಲಿ ಸುಧಾರಣೆ ಕಂಡಿತು, ಸೂ ಚಿ ಬಿಡುಗಡೆ ಆಗಿದ್ರು, ಆ ವರ್ಷ ನವೆಂಬರ್‌ನಲ್ಲಿ ಬೆಂಗಳೂರಿಗೂ ಬಂದು ಇನ್ಫೋಸಿಸ್ ನೋಡ್ಕೊಂಡು ಹೋದ್ರು. 2015ರ ಚುನಾವಣೆ ಗೆದ್ದರು. 2016ರಲ್ಲಿ ಒಬಾಮ ಹೆಚ್ಚುಕಮ್ಮಿ ಎಲ್ಲ ನಿರ್ಬಂಧ ತೆಗೆದ. 2017ರಲ್ಲಿ ರೋಹಿಂಗ್ಯಾ ಮುಸ್ಲಿಮರ ಮೇಲೆ ಸೇನೆ ಮುಗಿಬಿತ್ತು, ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದ್ರು. ಸೇನೆಯನ್ನ ಸೂ ಚಿ ಸಮರ್ಥಿಸಿಕೊಂಡಿದ್ದು ಬೇರೆ ದೊಡ್ಡ ಕಥೆ, ಇನ್ನೊಂದು ಎಪಿಸೋಡಿಗೆ. 2019ರಲ್ಲಿ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲಾಯಿಂಗ್‌ಗೆ ಅಮೆರಿಕ ಪ್ರವೇಶ ನಿಷೇಧಿಸಿತು. ಒಂದೂವರೆ ವರ್ಷದಲ್ಲಿ ಅದೇ ಮನುಷ್ಯ ಸರ್ಕಾರ ಕೆಡವಿ ತಾನೇ ಕೂತ.

ಕೂತ ಮೂರೇ ದಿನಕ್ಕೆ ಏನ್ ಮಾಡಿದ್ರು ಅನ್ನೋದು ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಮ್ಯಾನ್ಮಾರ್ ಕೇಂದ್ರ ಬ್ಯಾಂಕಿನ ಸುಮಾರು 100 ಕೋಟಿ ಡಾಲರ್ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಲ್ಲಿ ಇತ್ತು. ಫೆಬ್ರವರಿ 4ಕ್ಕೆ ಅದನ್ನ ಹೊರಗೆ ತೆಗೆಯೋಕೆ ನೋಡಿದ್ರು. ಬ್ಯಾಂಕಿನವರು ತಡೆ ಹಿಡಿದ್ರು, ಆಮೇಲೆ ಜೋ ಬೈಡನ್ ಆದೇಶ ಬಂತು, ದುಡ್ಡು ಅಲ್ಲೇ ಲಾಕ್. ಒಂದು ಗುಂಡು ಹಾರಿಸದೆ 100 ಕೋಟಿ ಡಾಲರ್ ಕೈಗೆ ಸಿಗದಂತೆ ಮಾಡೋದು ಅಂದ್ರೆ ಇದು.

ಮಾರ್ಚ್ 2021ರಲ್ಲಿ ಸೇನೆಯ ಎರಡು ದೊಡ್ಡ ಕಂಪನಿ ಗುಂಪುಗಳ ಮೇಲೆ ನಿರ್ಬಂಧ ಬಂತು. ಮ್ಯಾನ್ಮಾರ್ ಎಕನಾಮಿಕ್ ಹೋಲ್ಡಿಂಗ್ಸ್ ಮತ್ತು ಮ್ಯಾನ್ಮಾರ್ ಎಕನಾಮಿಕ್ ಕಾರ್ಪೊರೇಷನ್. ಬಿಯರ್, ಸಿಮೆಂಟು, ಬ್ಯಾಂಕು, ಬಂದರು ಎಲ್ಲ ಇವರದ್ದೇ. ನಮ್ಮ ದೇಶದ ಅದಾನಿ ಪೋರ್ಟ್ಸ್ ರಂಗೂನಿನಲ್ಲಿ ಕಂಟೇನರ್ ಟರ್ಮಿನಲ್ ಕಟ್ತಿದ್ದ ಜಾಗ ಈ ಎರಡನೇ ಕಾರ್ಪೊರೇಷನ್‌ನದ್ದು. ಭಾರತ ಸರ್ಕಾರ ಒಂದು ಮಾತೂ ಆಡಲಿಲ್ಲ, ಆದ್ರೆ ಡೌ ಜೋನ್ಸ್‌ನ ಸುಸ್ಥಿರತೆ ಸೂಚ್ಯಂಕದಿಂದ ಕಂಪನಿ ಹೆಸರು ಹೊರಗೆ ಬಿತ್ತು, ನಾರ್ವೆಯ ಒಂದು ಪಿಂಚಣಿ ನಿಧಿ ಷೇರು ಮಾರಿತು. 2023ರ ಮೇನಲ್ಲಿ ಅದಾನಿ ಅದನ್ನ 3 ಕೋಟಿ ಡಾಲರ್‌ಗೆ ಮಾರಿ ಹೊರಬಂತು. ನಮ್ಮ ಸರ್ಕಾರ ಹಾಕದೇ ಇರೋ ನಿರ್ಬಂಧ ನಮ್ಮ ಕಂಪನಿಗೆ ತಾಗೋದು ಹೀಗೆ.

ಈಗ ಬ್ಯಾಂಕಿನ ವಿಷಯ. ಪರೀಕ್ಷೆಗೆ ಓದಿದ್ದು ಜೀವನದಲ್ಲಿ ಉಪಯೋಗಕ್ಕೆ ಬಂದ ಒಂದೇ ಒಂದು ಸಲ ಇದು, ಸ್ವಲ್ಪ ಸಹಿಸಿಕೊಳ್ಳಿ. ಹರಿಹರದ ಒಬ್ಬ ವ್ಯಾಪಾರಿ ರಂಗೂನಿನ ವ್ಯಾಪಾರಿಗೆ ಡಾಲರ್ ಕಳಿಸಬೇಕು ಅಂದ್ಕೊಳ್ಳಿ. ದುಡ್ಡು ನೇರ ಹೋಗಲ್ಲ. ಸಾಮಾನ್ಯವಾಗಿ ಎರಡೂ ಕಡೆಯ ಬ್ಯಾಂಕುಗಳ ಡಾಲರ್ ಖಾತೆ ನ್ಯೂಯಾರ್ಕಿನ ಯಾವುದೋ ದೊಡ್ಡ ಬ್ಯಾಂಕಲ್ಲಿ ಇರುತ್ತೆ, ಅಲ್ಲಿ ಈ ಖಾತೆಯಿಂದ ಆ ಖಾತೆಗೆ ಬರೆದುಕೊಳ್ತಾರೆ. ನಮ್ಮ ಎಪಿಎಂಸಿಯಲ್ಲಿ ರೈತನಿಗೂ ಖರೀದಿದಾರನಿಗೂ ಮಧ್ಯೆ ದಲಾಲಿ ಅಂಗಡಿಯ ಖಾತೆ ಪುಸ್ತಕ ಇರುತ್ತಲ್ಲ, ಹಂಗೆ. ಆ ದಲಾಲರು 'ಇವರ ಹೆಸರು ನನ್ನ ಪುಸ್ತಕದಲ್ಲಿ ಬರೆಯಲ್ಲ' ಅಂದ್ರೆ ಮುಗೀತು, ನೀವು ಸಂತೆಯಲ್ಲಿದ್ದೂ ಇಲ್ಲದ ಹಾಗೆ.

2023ರ ಜೂನ್‌ನಲ್ಲಿ ಅಮೆರಿಕ ಇದನ್ನೇ ಮಾಡಿತು. ಮ್ಯಾನ್ಮಾ ಫಾರಿನ್ ಟ್ರೇಡ್ ಬ್ಯಾಂಕ್ ಮತ್ತು ಇನ್‌ವೆಸ್ಟ್‌ಮೆಂಟ್ ಅಂಡ್ ಕಮರ್ಷಿಯಲ್ ಬ್ಯಾಂಕ್, ಸರ್ಕಾರದ ಡಾಲರ್ ವ್ಯವಹಾರ ಮಾಡ್ತಿದ್ದ ಎರಡು ಬ್ಯಾಂಕನ್ನ ಪಟ್ಟಿಗೆ ಹಾಕ್ತು. ಸಿಂಗಾಪುರದ ಬ್ಯಾಂಕುಗಳು ಹೆದರಿ ಬಾಗಿಲು ಬಿಗಿ ಮಾಡಿದ್ವು. ಅದಕ್ಕೂ ಮುಂಚೆ, 2022ರ ಅಕ್ಟೋಬರ್‌ನಲ್ಲಿ, ಕಪ್ಪುಹಣದ ಮೇಲೆ ಕಣ್ಣಿಡೋ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಮ್ಯಾನ್ಮಾರನ್ನ ಕಪ್ಪುಪಟ್ಟಿಗೆ ಸೇರಿಸಿತ್ತು. ಆ ಪಟ್ಟಿಯಲ್ಲಿ ಅದರ ಜೊತೆ ಇರೋದು ಇರಾನ್ ಮತ್ತು ಉತ್ತರ ಕೊರಿಯಾ ಮಾತ್ರ.

ಉಪಯೋಗ ಆಯ್ತಾ? ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರೂಸ್ ಲೆಕ್ಕ ಹಾಕಿದ್ರು. ಬ್ಯಾಂಕುಗಳ ಮೂಲಕ ಆ ಸೇನೆ ತರಿಸಿಕೊಂಡ ಶಸ್ತ್ರಾಸ್ತ್ರ ಮತ್ತು ಸಂಬಂಧಿತ ಸಾಮಾನು ಒಂದೇ ವರ್ಷದಲ್ಲಿ 37.7 ಕೋಟಿ ಡಾಲರ್‌ನಿಂದ 25.3 ಕೋಟಿಗೆ ಇಳೀತು. ಸಿಂಗಾಪುರದ ಕಂಪನಿಗಳದ್ದು 11 ಕೋಟಿಯಿಂದ ಸುಮಾರು 1 ಕೋಟಿಗೆ. ಆದ್ರೆ ಥಾಯ್ಲೆಂಡಿನದ್ದು ಡಬಲ್ ಆಯ್ತು. ಒಂದು ತೂತು ಮುಚ್ಚಿದ್ರೆ ನೀರು ಇನ್ನೊಂದು ಕಡೆಯಿಂದ. ಆದ್ರೂ ಮೂರನೇ ಒಂದು ಭಾಗ ಕಮ್ಮಿ ಅಂದ್ರೆ ಕಮ್ಮಿ ಏನಲ್ಲ. ಹಳ್ಳಿ ಮೇಲೆ ಬೀಳೋ ಬಾಂಬಿನ ಲೆಕ್ಕದಲ್ಲಿ ಯೋಚಿಸಿ ನೋಡಿ.

ಇದೇ ಆಂಡ್ರೂಸ್ 2023ರ ವರದಿಯಲ್ಲಿ ಭಾರತದ ಹೆಸರೂ ಬರೆದಿದ್ರು. ದಂಗೆಯ ನಂತರ ಭಾರತದಿಂದ 5.1 ಕೋಟಿ ಡಾಲರ್ ಮೌಲ್ಯದ ಸಾಮಾನು ಹೋಗಿದೆ, ಕಳಿಸಿದವರಲ್ಲಿ ಸರ್ಕಾರಿ ಕಂಪನಿಗಳೂ ಇವೆ ಅಂತ. ರಷ್ಯಾದ 40.6 ಕೋಟಿ ಮುಂದೆ ಇದು ಸಣ್ಣದು, ನಿಜ. ಆದ್ರೆ ಬೆಂಗಳೂರಿನ ಜಾಲಹಳ್ಳಿಯ ನಮ್ಮ ಬಿಇಎಲ್ ಹೆಸರು ಇದೇ ಕಾರಣಕ್ಕೆ ನಾರ್ವೆ ಸರ್ಕಾರದ ನಿಧಿಯ ಬಹಿಷ್ಕಾರ ಪಟ್ಟಿಯಲ್ಲಿ ಬಿತ್ತು ಅನ್ನೋದು ಕೇಳೋಕೆ ಹಿತವಾಗಿಲ್ಲ. ಇವಿಎಂ ಮಾಡಿಕೊಡೋ ಕಂಪನಿ ಅದು.

ಸರಿ, ಉದ್ದಿಗೆ ಬರ್ತೀನಿ.

ನಾವು ಆಮದು ಮಾಡಿಕೊಳ್ಳೋ ಉದ್ದಿನಲ್ಲಿ ಬಹುಪಾಲು ಮ್ಯಾನ್ಮಾರ್‌ದ್ದೇ. ಅಲ್ಲಿನ ರೈತರು ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲಿ ಉದ್ದು ಬಿತ್ತುತ್ತಾರೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೊಯ್ಲು. ಹೆಚ್ಚಿನದೆಲ್ಲ ನಮ್ಮ ಮಾರ್ಕೆಟ್ಟಿಗೆ ಅಂತಲೇ ಬೆಳೆಯೋದು. ಚೆನ್ನೈನ ದಲಾಲರ ಮೊಬೈಲಲ್ಲಿ ದಿನಾ ಬೆಳಗ್ಗೆ 'ಬರ್ಮಾ ಎಫ್‌ಎಕ್ಯೂ', 'ಬರ್ಮಾ ಎಸ್‌ಕ್ಯೂ' ಅಂತ ಉದ್ದಿನ ರೇಟು, 'ಲೆಮನ್' ಅಂತ ತೊಗರಿ ರೇಟು ಬರುತ್ತೆ. ಬೆಲೆ ಡಾಲರಿನಲ್ಲಿ.

ಈಗ ಎರಡು ತಾರೀಕು ಹೇಳ್ತೀನಿ. 2017ರ ಆಗಸ್ಟ್. ಮ್ಯಾನ್ಮಾರ್‌ನಲ್ಲಿ ಆರಿಸಿ ಬಂದ ಸರ್ಕಾರ, ಜಗತ್ತಿನ ನಿರ್ಬಂಧ ಹೆಚ್ಚುಕಮ್ಮಿ ಎಲ್ಲ ತೆಗೆದಾಗಿದೆ. ಆಗ ಭಾರತ ತೊಗರಿ, ಉದ್ದು, ಹೆಸರು ಆಮದಿಗೆ ಮಿತಿ ಹಾಕ್ತು. ನಮ್ಮಲ್ಲಿ ಬಂಪರ್ ಬೆಳೆ ಬಂದು ಕಲಬುರಗಿ ತೊಗರಿ ಬೆಂಬಲ ಬೆಲೆ 5050 ರೂಪಾಯಿಗೂ ಕೆಳಗೆ ಬಿದ್ದಿತ್ತು, ರೈತರು ಬೀದಿಗೆ ಬಂದಿದ್ರು. ಆ ಮಿತಿ ಸರಿನೇ ಅನ್ನಿ. ಆದ್ರೆ ಬರ್ಮಾದ ಬೇಳೆ ರೈತ ಮುಳುಗಿಹೋದ. ಇನ್ನೊಂದು ತಾರೀಕು 2021ರ ಜೂನ್. ಅಲ್ಲಿ ಸೇನೆ ಬೀದೀಲಿ ಜನರನ್ನ ಕೊಲ್ತಿದೆ. ನಮ್ಮಲ್ಲಿ ಬೇಳೆ ರೇಟು ಏರಿದೆ. ಭಾರತ ಐದು ವರ್ಷದ ಒಪ್ಪಂದ ಮಾಡ್ಕೊಳ್ತು: ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ.

ಅಂದ್ರೆ ಪ್ರಜಾಪ್ರಭುತ್ವ ಇದ್ದಾಗ ಬಾಗಿಲು ಹಾಕಿದ್ವಿ, ಮಿಲಿಟರಿ ಬಂದಾಗ ತೆಗೆದ್ವಿ. ಯಾರೂ ಬೇಕಂತ ಹಂಗೆ ಮಾಡಿದ್ದಲ್ಲ. ಎರಡು ಸಲವೂ ದೆಹಲಿ ನೋಡಿದ್ದು ಬರ್ಮಾವನ್ನಲ್ಲ, ನಮ್ಮ ಬೇಳೆ ರೇಟನ್ನ. ಬರ್ಮಾ ರೈತನಿಗೆ ಅತಿ ದೊಡ್ಡ 'ಆರ್ಥಿಕ ನಿರ್ಬಂಧ' ಹಾಕಿದ್ದು ವಾಷಿಂಗ್ಟನ್ ಅಲ್ಲ, ನಾವೇ ಅನ್ನಿಸುತ್ತೆ ನಂಗೆ.

ಆ ದುಡ್ಡು ಹೋಗೋದು ರೈತನಿಗೋ ಸೇನೆಗೋ? ಇಬ್ಬರಿಗೂ. ದಂಗೆ ಆದಮೇಲೆ, 2022ರಲ್ಲಿ, ಅವರ ಕೇಂದ್ರ ಬ್ಯಾಂಕ್ ಒಂದು ನಿಯಮ ತಂದಿತ್ತು: ರಫ್ತು ಮಾಡಿ ಗಳಿಸಿದ ಡಾಲರಿನಲ್ಲಿ ನೂರಕ್ಕೆ 65 ಭಾಗ ಸರ್ಕಾರಿ ದರ 2100 ಕ್ಯಾಟ್‌ಗೇ ಬದಲಾಯಿಸಬೇಕಿತ್ತು. ಹೊರಗಡೆ ಮಾರ್ಕೆಟ್ಟಲ್ಲಿ ಡಾಲರ್ ರೇಟು ಅದಕ್ಕಿಂತ ಎಷ್ಟೋ ಜಾಸ್ತಿ. ಲೆಕ್ಕ ಸುಲಭ ಆಗಲಿ ಅಂತ 3000 ಅಂದ್ಕೊಳ್ಳೋಣ. 100 ಡಾಲರ್ ಉದ್ದು ಮಾರಿದ್ರೆ 3 ಲಕ್ಷ ಕ್ಯಾಟ್ ಸಿಗಬೇಕಿತ್ತು. ಈ ನಿಯಮದಲ್ಲಿ 65 ಡಾಲರಿಗೆ 1,36,500, ಉಳಿದ 35ಕ್ಕೆ 1,05,000, ಒಟ್ಟು 2,41,500. ನೂರಕ್ಕೆ 19.5 ಮಾಯ! ಆ ಹೊರೆ ಕೊನೆಗೆ ರೈತನಿಗೆ ಸಿಗೋ ಬೆಲೆಯಲ್ಲೇ ಇಳೀತಿತ್ತು. ಅಗ್ಗಕ್ಕೆ ಸಿಕ್ಕ ಡಾಲರನ್ನ ಯಾರಿಗೆ ಹಂಚಬೇಕು ಅಂತ ನಿರ್ಧರಿಸ್ತಿದ್ದಿದ್ದು ಸೇನಾ ಸರ್ಕಾರ. ತೆರಿಗೆ ಅಂತ ಹೆಸರಿಲ್ಲದ ತೆರಿಗೆ.

ಡಾಲರ್ ದಾರಿ ಇಕ್ಕಟ್ಟಾದಮೇಲೆ, 2024ರ ಜನವರಿಯಲ್ಲಿ, ಪಂಜಾಬ್ ನ್ಯಾಷನಲ್ ಬ್ಯಾಂಕ್ ಮೂಲಕ ನೇರ ರೂಪಾಯಿ-ಕ್ಯಾಟ್ ಪಾವತಿ ವ್ಯವಸ್ಥೆ ಜಾರಿಗೆ ಬಂತು. ವೋಸ್ಟ್ರೋ ಖಾತೆ ಅಂತಾರೆ, ಅಂದ್ರೆ ಅವರ ಬ್ಯಾಂಕು ನಮ್ಮ ಬ್ಯಾಂಕಲ್ಲಿ ಇಟ್ಟ ರೂಪಾಯಿ ಖಾತೆ. ನ್ಯೂಯಾರ್ಕಿನ ದಲಾಲರ ಪುಸ್ತಕ ಬೇಕಾಗೇ ಇಲ್ಲ. 1952ರಲ್ಲಿ ಬಿಟ್ಟುಹೋದ ಜೋಡಿ 72 ವರ್ಷದ ಮೇಲೆ ಮತ್ತೆ ಲೆಡ್ಜರಲ್ಲಿ ಸೇರ್ಕೊಂಡ್ವು.

ಜನರಲ್‌ಗಳ ಪ್ರಯಾಣ ನಿಷೇಧದ ಕಥೆನೂ ಒಂಚೂರು ಹೇಳಬೇಕು. ಮಿನ್ ಆಂಗ್ ಹ್ಲಾಯಿಂಗ್‌ಗೆ ಅಮೆರಿಕ, ಯುರೋಪ್ ಇಲ್ಲ. 2021ರ ಅಕ್ಟೋಬರ್‌ನಿಂದ ಅವನ ಅಕ್ಕಪಕ್ಕದ ಆಸಿಯಾನ್ ದೇಶಗಳೂ ತಮ್ಮ ಶೃಂಗಸಭೆಗೆ ಕರೀಲಿಲ್ಲ. ಅವನಿಗೆ ಅದು ಮರ್ಯಾದೆ ಪ್ರಶ್ನೆ ಆಗಿತ್ತು. ಆದ್ರೆ ಮಾಸ್ಕೋ, ಬೀಜಿಂಗ್ ಇದ್ದವಲ್ಲ. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಲ್ಲಿ ನಮ್ಮ ಪ್ರಧಾನಿ ಮೋದಿಯವರನ್ನೂ ಭೇಟಿ ಮಾಡಿದ. ಭೂಕಂಪ ಆಗಿ ಒಂದು ವಾರ ಆಗಿತ್ತು, ಭಾರತ ನೆರವು ಕಳಿಸಿತ್ತು. ಆ ವರ್ಷ ಜುಲೈನಲ್ಲಿ ಡೊನಾಲ್ಡ್ ಟ್ರಂಪ್‌ಗೆ ಹೊಗಳಿ ಪತ್ರ ಬರೆದ. ಎರಡು ವಾರಕ್ಕೆ ಅವನ ಕಡೆಯ ಕೆಲವು ವ್ಯಾಪಾರಿಗಳ ಹೆಸರು ಅಮೆರಿಕದ ಪಟ್ಟಿಯಿಂದ ಹೊರಬಂತು. ಪತ್ರಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ, ನೀವೇ ಯೋಚಿಸಿ.

ದೊಡ್ಡವರು ಹಿಂಗೆ ಓಡಾಡ್ತಿದ್ರೆ, ಗಡಿ ದಾಟೋಕಾಗದೆ ಸಿಕ್ಕಿಬಿದ್ದಿದ್ದು ನಮ್ಮ ವಯಸ್ಸಿನ ಹುಡುಗ್ರು. ನನ್ನ ಜೊತೆ ಬಿ.ಕಾಂ ಓದಿದ ಹರಿಹರದ ಒಬ್ಬನಿಗೆ ಟೆಲಿಗ್ರಾಂನಲ್ಲಿ 'ಥಾಯ್ಲೆಂಡಲ್ಲಿ ಡೇಟಾ ಎಂಟ್ರಿ, ಊಟ ವಸತಿ ಫ್ರೀ' ಅಂತ ಆಫರ್ ಬಂದಿತ್ತು. ಅವರಮ್ಮ ತುಂಗಭದ್ರೆ ದಾಟಿ ಹೋಗೋದಕ್ಕೇ ಹರಕೆ ಹೊರೋರು, ಬಿಡಲಿಲ್ಲ. ಬಚಾವಾದ. ಆ ಥರ ಹೋದ ಎಷ್ಟೋ ಭಾರತೀಯರನ್ನ ಥಾಯ್ ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿಯ ಸೈಬರ್ ವಂಚನೆ ಅಡ್ಡೆಗಳಿಗೆ ಹಾಕಿದ್ರು. 2025ರ ಮಾರ್ಚ್‌ನಲ್ಲಿ ವಾಯುಪಡೆ ವಿಮಾನ ಎರಡು ದಿನದಲ್ಲಿ 500ಕ್ಕೂ ಹೆಚ್ಚು ಜನರನ್ನ ವಾಪಸ್ ತಂತು. ಆ ಜಾಗವನ್ನ ಕಾಯೋ ಸಶಸ್ತ್ರ ಪಡೆಯ ಮುಖ್ಯಸ್ಥ ಸಾ ಚಿಟ್ ತು ಮೇಲೆ ಅಮೆರಿಕ ಅದೇ ವರ್ಷ ಮೇನಲ್ಲಿ ನಿರ್ಬಂಧ ಹಾಕ್ತು. ಸೇನೆಗೆ ಹತ್ತಿರದವನು ಅವನು. ಈ ಒಂದು ನಿರ್ಬಂಧದ ಬಗ್ಗೆ ನಂಗೆ ಯಾವ ಗೊಂದಲನೂ ಇಲ್ಲ.

ಉದ್ದಿನ ಬಗ್ಗೆ ಇದೆ. ಇದನ್ನೆಲ್ಲ ಓದಿದ ಮೇಲೆ ಅಮ್ಮನಿಗೆ ಹೇಳಿದೆ, 'ಅಮ್ಮಾ, ಇನ್ಮೇಲೆ ಬರ್ಮಾ ಉದ್ದು ಬ್ಯಾಡ. ಬೀದರ್ ಕಡೇದು ತರ್ತೀನಿ.' ಅಮ್ಮ ಒರಳುಕಲ್ಲು ತೊಳೀತಾ ಕೇಳಿದ್ರು, 'ತರಪ್ಪಾ. ಆದ್ರೆ ನಾವೆಲ್ಲ ಬ್ಯಾಡ ಅಂದ್ರೆ ಅಲ್ಲಿ ಬೆಳೆದೋನು ಏನ್ ಮಾಡ್ತಾನೆ?' 2017ರಲ್ಲಿ ಆ ರೈತರು ಏನ್ ಮಾಡಿದ್ರು ಅಂತ ನಂಗೆ ಗೊತ್ತಿತ್ತು. ಉದ್ದು ಬಿಟ್ಟು ಬೇರೆ ಬೆಳೆಗೆ ಹೋದ್ರು, ಕೆಲವರು ಸಾಲದಲ್ಲಿ ಬಿದ್ರು. ಆ 65ರ ನಿಯಮದ ಲೆಕ್ಕದಲ್ಲಿ ಅವರ 100 ಡಾಲರಲ್ಲಿ 19.5 ಸೇನೆ ಕಡೆಗೆ ಹೋಗ್ತಿತ್ತು, 80.5 ಅವರ ಕಡೆಗೆ ಉಳೀತಿತ್ತು. ಯಾವುದನ್ನ ನೋಡಿ ತೀರ್ಮಾನ ಮಾಡೋದು?

ಆ ಒಪ್ಪಂದದ ಐದು ವರ್ಷ ಅಂದ್ರೆ 2026ರ ಮಾರ್ಚ್‌ವರೆಗೆ. ಮುಂದೇನು ಅಂತ ಮಂಡಿಪೇಟೆ ಸಾವ್ಕಾರ್ರನ್ನ ಕೇಳಿದೆ. 'ಚೆನ್ನೈಯೋರು ಏನಂತಾರೋ ಅದೇ' ಅಂದ್ರು. ಎರಡು ಚೀಲ ಪಕ್ಕಪಕ್ಕ ಇದ್ವು, ಬಾಯಿ ಬಿಚ್ಚಿದ್ವು. ಎರಡರಿಂದಲೂ ಒಂದೊಂದು ಹಿಡಿ ತಗೊಂಡು ಅಂಗೈ ಮೇಲೆ ಹರಡಿ ನೋಡಿದೆ. ಯಾವುದು ಯಾವ ದೇಶದ್ದು ಅಂತ ನಂಗಂತೂ ಗೊತ್ತಾಗಲಿಲ್ಲ.